ಬಾಡಿಗೆಯ ಗಣಕಯಂತ್ರ, ಸ್ವಂತ ಹೊಣೆ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಸದಸ್ಯರು ಹಾಗೂ ವಿದ್ಯಾರ್ಥಿಗಳನ್ನುದ್ದೇಶಿಸಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮಾಹಿತಿ ತಂತ್ರಜ್ಞಾನ ಕ್ಷೇತ್ರದಲ್ಲಿ ಇಂದು ಪದೇ ಪದೇ ಕೇಳಿಬರುವ ಎರಡು ಪದಗಳ ಬಗ್ಗೆ ಮಾತನಾಡಲು ನನ್ನನ್ನು ಕೇಳಿಕೊಂಡಿದ್ದೀರಿ. ಒಂದು ಕ್ಲೌಡ್ ಕಂಪ್ಯೂಟಿಂಗ್, ಇನ್ನೊಂದು ವರ್ಚುವಲೈಸೇಶನ್. ಹೆಸರು ಕೇಳಿ ಇದು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮಾತ್ರ ಸಂಬಂಧಿಸಿದ್ದು ಎಂದು ಯಾರೂ ಹಿಂದೆ ಸರಿಯಬೇಕಾಗಿಲ್ಲ. ನಿಮ್ಮ ಮೊಬೈಲಿನ ಫೋಟೋಗಳು ಎಲ್ಲಿಯೋ ಒಂದು ಕಡೆ ಉಳಿದುಕೊಳ್ಳುತ್ತವೆ. ಅಂಕಪಟ್ಟಿಯನ್ನು ಸ್ಕ್ಯಾನ್ ಮಾಡಿ ಗೂಗಲ್ ಡ್ರೈವ್‌ನಲ್ಲಿ ಇಡುತ್ತೀರಿ. ವಿದ್ಯಾರ್ಥಿವೇತನದ ಅರ್ಜಿಯನ್ನು ಅಂತರ್ಜಾಲದಲ್ಲಿ ತುಂಬುತ್ತೀರಿ. ಅಂದರೆ ಕ್ಲೌಡ್ ಎಂದರೇನೆಂದು ತಿಳಿಯುವ ಮೊದಲೇ ನಾವೆಲ್ಲರೂ ಅದರ ಬಾಡಿಗೆದಾರರಾಗಿಬಿಟ್ಟಿದ್ದೇವೆ. ಬಾಡಿಗೆದಾರನಾದವನು ಕರಾರುಪತ್ರವನ್ನು ಓದಿರಬೇಕಲ್ಲವೇ? ಆ ಓದನ್ನು ಇಂದು ಒಟ್ಟಿಗೆ ಮಾಡೋಣ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡೋಣ. ಕ್ಲೌಡ್ ಎಂದರೆ ಮೋಡ. ಆದರೆ ನಮ್ಮ ಮಾಹಿತಿ ಆಕಾಶದಲ್ಲಿ ತೇಲುತ್ತಿಲ್ಲ. ಜಾಲ ವ್ಯವಸ್ಥೆಯ ನಕ್ಷೆ ಬರೆಯುವ ಇಂಜಿನಿಯರುಗಳು, ತಮಗೆ ವಿವರ ಬೇಡದ ಭಾಗವನ್ನು ಒಂದು ಮೋಡದ ಚಿತ್ರ ಬರೆದು ಮುಚ್ಚಿಬಿಡುತ್ತಿದ್ದರು. ‘ಇದರೊಳಗೆ ಏನೇನೋ ಇದೆ, ಸದ್ಯಕ್ಕೆ ಅದರ ಚಿಂತೆ ಬೇಡ’ ಎಂಬುದು ಅದರ ಅರ್ಥ. ಆ ಚಿತ್ರವೇ ಹೆಸರಾಯಿತು. ನಿಜದಲ್ಲಿ ಆ ಮೋಡದೊಳಗೆ ಇರುವುದು ಭಾರಿ ಕಟ್ಟಡಗಳು, ಸಾಲು ಸಾಲು ಗಣಕಯಂತ್ರಗಳು, ಅವುಗಳನ್ನು ತಂಪಾಗಿಡುವ ಯಂತ್ರಗಳು, ವಿದ್ಯುತ್ತು ಹೋದರೆ ನೆರವಿಗೆ ಬರುವ ಬ್ಯಾಟರಿಗಳು ಮತ್ತು ಜನರೇಟರುಗಳು, ನೆಲದೊಳಗೂ ಸಮುದ್ರದೊಳಗೂ ಹಾಯ್ದ ಕೇಬಲ್‌ಗಳು. ಅಮೆಜಾನ್ ಸಂಸ್ಥೆ 2016ರ ಜೂನ್‌ನಲ್ಲಿ ಮುಂಬಯಿಯಲ್ಲಿ ತನ್ನ ಕ್ಲೌಡ್ ಕೇಂದ್ರಗಳನ್ನು ತೆರೆಯಿತು. ಗೂಗಲ್ 2017ರಲ್ಲಿ ಅಲ್ಲಿಗೇ ಬಂತು. ಮೈಕ್ರೋಸಾಫ್ಟ್ 2015ರಲ್ಲೇ ಪುಣೆ, ಚೆನ್ನೈ, ಮುಂಬಯಿಗಳಲ್ಲಿ ಆರಂಭಿಸಿತ್ತು. ಮೋಡಕ್ಕೂ ಒಂದು ಊರು, ಒಂದು ವಿಳಾಸ, ಒಬ್ಬ ಮಾಲೀಕ ಇದ್ದಾನೆ ಎಂಬುದು ನೆನಪಿರಲಿ.

ಪಾತ್ರೆ ಬಾಡಿಗೆಯ ಲೆಕ್ಕ

ಮನೆಯಲ್ಲಿ ಮದುವೆ ನಿಶ್ಚಯವಾಯಿತು ಎಂದುಕೊಳ್ಳಿ. ಸಾವಿರ ಜನರಿಗೆ ಬಿರಿಯಾನಿ ಆಗಬೇಕು. ಅದಕ್ಕಾಗಿ ಯಾರೂ ದೊಡ್ಡ ದೊಡ್ಡ ತಾಮ್ರದ ಪಾತ್ರೆಗಳನ್ನು ಖರೀದಿಸುವುದಿಲ್ಲ. ಶಾಮಿಯಾನದ ಅಂಗಡಿಯಿಂದ ಒಂದು ದಿನದ ಮಟ್ಟಿಗೆ ಬಾಡಿಗೆಗೆ ತರುತ್ತೇವೆ. ಕೆಲಸ ಮುಗಿದ ಮೇಲೆ ಹಿಂದಿರುಗಿಸುತ್ತೇವೆ. ಮರುದಿನ ಅದೇ ಪಾತ್ರೆ ಇನ್ನೊಬ್ಬರ ಮನೆಯ ಸಮಾರಂಭಕ್ಕೆ ಹೋಗುತ್ತದೆ. ನಮಗೆ ಕಡಿಮೆ ಖರ್ಚಿನಲ್ಲಿ ಕೆಲಸವಾಯಿತು, ಅಂಗಡಿಯವರಿಗೆ ಪಾತ್ರೆ ಖಾಲಿ ಬೀಳಲಿಲ್ಲ.

ಗಣಕಯಂತ್ರದ ಲೆಕ್ಕವೂ ಇದೇ. ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾಗುವ ದಿನ ಲಕ್ಷಾಂತರ ವಿದ್ಯಾರ್ಥಿಗಳು ಒಂದೇ ಗಂಟೆಯಲ್ಲಿ ಒಂದೇ ಜಾಲತಾಣವನ್ನು ತೆರೆಯುತ್ತಾರೆ. ಆ ಒಂದು ದಿನದ ನೂಕುನುಗ್ಗಲಿಗೆ ಬೇಕಾದಷ್ಟು ಯಂತ್ರಗಳನ್ನು ಕೊಂಡರೆ ಉಳಿದ ದಿನಗಳಲ್ಲಿ ಅವು ಧೂಳು ಹಿಡಿಯುತ್ತವೆ. ಕೊಳ್ಳದಿದ್ದರೆ ಆ ದಿನ ಜಾಲತಾಣ ನಿಂತುಹೋಗುತ್ತದೆ. ಬೇಕಾದ ದಿನ ಬೇಕಾದಷ್ಟು ಯಂತ್ರ ಪಡೆದು, ಬಳಸಿದಷ್ಟಕ್ಕೆ ಹಣ ಕೊಟ್ಟು, ಬೇಡವಾದಾಗ ಬಿಟ್ಟುಬಿಡುವ ಏರ್ಪಾಡೇ ಕ್ಲೌಡ್ ಕಂಪ್ಯೂಟಿಂಗ್. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಾದ ನಿಸ್ಟ್ 2011ರಲ್ಲಿ ಇದಕ್ಕೊಂದು ವ್ಯಾಖ್ಯೆ ಕೊಟ್ಟು ಐದು ಲಕ್ಷಣಗಳನ್ನು ಹೇಳಿತು: ಯಾರನ್ನೂ ಕೇಳದೆ ನಾವೇ ಪಡೆಯಬಹುದಾದ ಸೇವೆ, ಜಾಲದ ಮೂಲಕ ಎಲ್ಲಿಂದಲಾದರೂ ಬಳಕೆ, ಅನೇಕರ ನಡುವೆ ಹಂಚಿಕೆ, ಅಗತ್ಯಕ್ಕೆ ತಕ್ಕಂತೆ ಹಿಗ್ಗುವ ಕುಗ್ಗುವ ಗುಣ, ಮತ್ತು ಬಳಕೆಯ ಅಳತೆ. ನಮ್ಮ ವಿದ್ಯುತ್ ಮೀಟರಿನಂತೆ ಇಲ್ಲಿಯೂ ಒಂದು ಮೀಟರು ಓಡುತ್ತಿರುತ್ತದೆ.

ಈ ಆಲೋಚನೆ ಹೊಸದಲ್ಲ. ದೂರವಾಣಿಯಂತೆ ಗಣಕಶಕ್ತಿಯೂ ಒಂದು ದಿನ ಸಾರ್ವಜನಿಕ ಸೇವೆಯಾಗಬಹುದು ಎಂದು ಜಾನ್ ಮೆಕಾರ್ಥಿ ಎಂಬ ವಿಜ್ಞಾನಿ 1961ರಲ್ಲಿಯೇ ಅಮೆರಿಕದ ಎಂ.ಐ.ಟಿ.ಯಲ್ಲಿ ಹೇಳಿದ್ದರು. ಮಾತು ನಿಜವಾಗಲು ನಾಲ್ಕೂವರೆ ದಶಕ ಹಿಡಿಯಿತು. ಒಂದೇ ಯಂತ್ರವನ್ನು ಪರಸ್ಪರ ಪರಿಚಯವಿಲ್ಲದ ಅನೇಕರಿಗೆ, ಒಬ್ಬರಿಂದ ಇನ್ನೊಬ್ಬರಿಗೆ ತೊಂದರೆಯಾಗದಂತೆ, ಹಂಚಿಕೊಡುವ ಉಪಾಯ ಎಲ್ಲ ಕಡೆ ಸಾಧ್ಯವಾಗಬೇಕಿತ್ತು. ಆ ಉಪಾಯದ ಹೆಸರೇ ವರ್ಚುವಲೈಸೇಶನ್.

ಒಂದು ಕಟ್ಟಡ, ಹಲವು ಮನೆ

ಹಳೆಯ ಮೈಸೂರು, ಬೆಂಗಳೂರುಗಳಲ್ಲಿದ್ದ ವಠಾರಗಳ ಬಗ್ಗೆ ಹಿರಿಯರಿಗೆ ಗೊತ್ತು. ಒಂದೇ ಹೆಬ್ಬಾಗಿಲು, ಒಂದೇ ಅಂಗಳ, ಒಂದೇ ಬಾವಿ. ಒಳಗೆ ಹತ್ತು ಹನ್ನೆರಡು ಸಂಸಾರ. ಪ್ರತಿ ಸಂಸಾರಕ್ಕೂ ತನ್ನದೇ ಬಾಗಿಲು, ತನ್ನದೇ ಬೀಗ, ತನ್ನದೇ ಒಲೆ. ಒಳಗಿರುವವರಿಗೆ ಅದು ಪೂರ್ಣ ಮನೆಯೇ. ಬಾವಿಯ ನೀರನ್ನು ಯಾರು ಯಾವ ಹೊತ್ತಿಗೆ ಸೇದಬೇಕು ಎಂಬ ಕಟ್ಟುಪಾಡನ್ನು ವಠಾರದ ಒಡೆಯ ಮಾಡುತ್ತಾನೆ.

ಒಂದು ದೊಡ್ಡ ಗಣಕಯಂತ್ರವನ್ನು ಇದೇ ರೀತಿ ಭಾಗ ಮಾಡಬಹುದು. ಹೈಪರ್‌ವೈಸರ್ ಎಂಬ ತಂತ್ರಾಂಶ ವಠಾರದ ಒಡೆಯನ ಸ್ಥಾನದಲ್ಲಿರುತ್ತದೆ. ಅದು ಯಂತ್ರದ ಪ್ರೊಸೆಸರ್, ಮೆಮೊರಿ, ಡಿಸ್ಕ್, ಜಾಲ ಸಂಪರ್ಕ ಇವುಗಳನ್ನು ಪಾಲು ಮಾಡಿ ಹಲವು ‘ವರ್ಚುವಲ್ ಮೆಷಿನ್’ಗಳನ್ನು ರೂಪಿಸುತ್ತದೆ. ಪ್ರತಿಯೊಂದರೊಳಗೂ ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್ ಇರಬಹುದು. ಒಂದರಲ್ಲಿ ವಿಂಡೋಸ್, ಪಕ್ಕದ್ದರಲ್ಲಿ ಲಿನಕ್ಸ್. ತಾನು ಇಡೀ ಯಂತ್ರದಲ್ಲಿ ಒಬ್ಬನೇ ಇದ್ದೇನೆ ಎಂಬಂತೆಯೇ ಪ್ರತಿಯೊಂದೂ ಕೆಲಸ ಮಾಡುತ್ತದೆ. ಒಂದು ಕೆಟ್ಟು ನಿಂತರೆ ಪಕ್ಕದ್ದು ನಿಲ್ಲುವುದಿಲ್ಲ.

ಇದರ ಹುಟ್ಟು ಬಡತನದಿಂದಲೇ ಎನ್ನಬಹುದು. 1960ರ ದಶಕದಲ್ಲಿ ಒಂದು ಗಣಕಯಂತ್ರವೆಂದರೆ ಒಂದು ಕೋಣೆ ತುಂಬುವ, ಕೆಲವೇ ಸಂಸ್ಥೆಗಳ ಕೈಗೆಟಕುವ ಸಾಮಗ್ರಿ. ಅಂಥದ್ದನ್ನು ಒಬ್ಬನೇ ಬಳಸುವುದು ದುಬಾರಿಯ ಮಾತು. ಆದ್ದರಿಂದ ಐ.ಬಿ.ಎಂ. ಸಂಸ್ಥೆಯ ಕೇಂಬ್ರಿಡ್ಜ್ ವಿಜ್ಞಾನ ಕೇಂದ್ರದಲ್ಲಿ ಸಿಪಿ-40 ಎಂಬ ವ್ಯವಸ್ಥೆ ರೂಪುಗೊಂಡು 1967ರಲ್ಲಿ ಬಳಕೆಗೆ ಬಂತು. ಒಂದು ಯಂತ್ರದಲ್ಲಿ ಹಲವು ಬಳಕೆದಾರರಿಗೆ ಹಲವು ‘ಯಂತ್ರ’ಗಳನ್ನು ಅದು ಕೊಟ್ಟಿತು. 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಇದು ಐ.ಬಿ.ಎಂ.ನ ಮಾರಾಟದ ಸರಕಾಯಿತು.

ಆಮೇಲೆ ಕಾಲ ಬದಲಾಯಿತು. ಚಿಕ್ಕ ಯಂತ್ರಗಳು ಅಗ್ಗವಾದವು. ಪ್ರತಿ ಕೆಲಸಕ್ಕೂ ಒಂದೊಂದು ಯಂತ್ರ ಕೊಳ್ಳುವ ಪದ್ಧತಿ ಬಂತು. ಅಂಚೆಗೆ ಒಂದು, ಲೆಕ್ಕಪತ್ರಕ್ಕೆ ಒಂದು, ಜಾಲತಾಣಕ್ಕೆ ಒಂದು. ಒಂದು ತಂತ್ರಾಂಶ ಕೆಟ್ಟರೆ ಇನ್ನೊಂದಕ್ಕೆ ತಗಲಬಾರದು ಎಂಬುದೇ ಕಾರಣ. ಫಲವಾಗಿ ಕಚೇರಿಗಳ ತುಂಬ ಯಂತ್ರಗಳಾದವು, ಅವುಗಳಲ್ಲಿ ಹೆಚ್ಚಿನವು ದಿನದ ಬಹುಭಾಗ ಸುಮ್ಮನೆ ವಿದ್ಯುತ್ತು ತಿನ್ನುತ್ತ ಕುಳಿತಿದ್ದವು. ಹಳೆಯ ವಠಾರದ ಉಪಾಯವನ್ನು ಇಲ್ಲಿಗೂ ತರೋಣವೆಂದರೆ ಒಂದು ತಾಂತ್ರಿಕ ತೊಡಕಿತ್ತು. ಬಾಡಿಗೆದಾರನು ಯಂತ್ರದ ಮೂಲ ನಿಯಂತ್ರಣಕ್ಕೆ ಕೈ ಹಾಕಿದಾಗಲೆಲ್ಲ ಒಡೆಯನಿಗೆ ಸುದ್ದಿ ಮುಟ್ಟಬೇಕು ಎಂಬ ನಿಯಮವನ್ನು ಪೊಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ವಿಜ್ಞಾನಿಗಳು 1974ರಲ್ಲಿ ವಿವರಿಸಿದ್ದರು. ನಮ್ಮ ಮೇಜಿನ ಮೇಲಿನ ಗಣಕಯಂತ್ರಗಳಲ್ಲಿದ್ದ ಇಂಟೆಲ್ ಮಾದರಿಯ ಪ್ರೊಸೆಸರುಗಳ ಕೆಲವು ಆದೇಶಗಳು ಈ ನಿಯಮವನ್ನು ಪಾಲಿಸುತ್ತಿರಲಿಲ್ಲ.

1998ರಲ್ಲಿ ಡಯೇನ್ ಗ್ರೀನ್, ಮೆಂಡೆಲ್ ರೋಸೆನ್‌ಬ್ಲಮ್ ಮತ್ತು ಮೂವರು ಸಂಗಡಿಗರು ಸೇರಿ ವಿಎಂವೇರ್ ಎಂಬ ಕಂಪನಿ ಕಟ್ಟಿದರು. ತೊಡಕಿನ ಆದೇಶಗಳನ್ನು ಅವು ಓಡುವ ಮೊದಲೇ ಗುರುತಿಸಿ ಬೇರೆ ಆದೇಶಗಳಾಗಿ ಬದಲಾಯಿಸುವ ವಿಧಾನವನ್ನು ಬಳಸಿ 1999ರಲ್ಲಿ ತಮ್ಮ ಮೊದಲ ತಂತ್ರಾಂಶವನ್ನು ಹೊರತಂದರು. 2003ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಿಂದ ಝೆನ್ ಎಂಬ ಮುಕ್ತ ತಂತ್ರಾಂಶ ಬಂತು. 2005 ಮತ್ತು 2006ರಲ್ಲಿ ಇಂಟೆಲ್, ಎ.ಎಂ.ಡಿ. ಕಂಪನಿಗಳು ಪ್ರೊಸೆಸರಿನಲ್ಲಿಯೇ ಇದಕ್ಕೆ ಅನುಕೂಲ ಮಾಡಿಕೊಟ್ಟವು. 2007ರಲ್ಲಿ ಕೆವಿಎಂ ಎಂಬ ಹೈಪರ್‌ವೈಸರ್ ಲಿನಕ್ಸ್‌ನ ಭಾಗವೇ ಆಯಿತು. ಹೀಗೆ ಕೋಟ್ಯಂತರ ರೂಪಾಯಿಯ ಯಂತ್ರಗಳಿಗೆ ಮೀಸಲಾಗಿದ್ದ ವಿದ್ಯೆ ಸಾಮಾನ್ಯ ಯಂತ್ರಕ್ಕೆ ಇಳಿದುಬಂತು. ಇಂದು ನಿಮ್ಮ ಕೈಯಲ್ಲಿರುವ ಸಾಧಾರಣ ಲ್ಯಾಪ್‌ಟಾಪ್‌ನಲ್ಲಿಯೂ ಈ ಅನುಕೂಲವಿದೆ. ಇದನ್ನು ನೆನಪಿಡಿ, ಕೊನೆಯಲ್ಲಿ ಇದು ನಮಗೆ ಬೇಕಾಗುತ್ತದೆ.

ಗಂಟೆಗೆ ಹತ್ತು ಸೆಂಟ್

2006ರಲ್ಲಿ ಅಮೆಜಾನ್ ಎರಡು ಸೇವೆಗಳನ್ನು ಆರಂಭಿಸಿತು. ಮಾರ್ಚ್‌ನಲ್ಲಿ ಎಸ್3 ಎಂಬ ಸಂಗ್ರಹಾಗಾರ, ಆಗಸ್ಟ್‌ನಲ್ಲಿ ಇಸಿ2 ಎಂಬ ಬಾಡಿಗೆಯ ಯಂತ್ರ. ಝೆನ್ ತಂತ್ರಾಂಶದ ಮೇಲೆ ನಡೆಯುತ್ತಿದ್ದ ಆ ಮೊದಲ ಯಂತ್ರದಲ್ಲಿ 1.75 ಗಿಗಾಬೈಟ್ ಮೆಮೊರಿ, 160 ಗಿಗಾಬೈಟ್ ಡಿಸ್ಕ್ ಇತ್ತು. ಬಾಡಿಗೆ ಗಂಟೆಗೆ 10 ಸೆಂಟ್.

ಇದರಿಂದ ಏನಾಯಿತು ಎಂಬುದಕ್ಕೆ ಒಂದು ಉದಾಹರಣೆ ಸಾಕು. 2007ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ತನ್ನ ಹಳೆಯ ಸಂಚಿಕೆಗಳ ಸುಮಾರು 1.1 ಕೋಟಿ ಲೇಖನಗಳ ಸ್ಕ್ಯಾನ್ ಚಿತ್ರಗಳನ್ನು ಪಿ.ಡಿ.ಎಫ್. ರೂಪಕ್ಕೆ ತರಬೇಕಾಗಿತ್ತು. ಅಲ್ಲಿಯ ಒಬ್ಬ ತಂತ್ರಜ್ಞರು 100 ಯಂತ್ರಗಳನ್ನು ಬಾಡಿಗೆಗೆ ಪಡೆದರು. ಒಂದು ದಿನದೊಳಗೆ ಕೆಲಸ ಮುಗಿಯಿತು. 100 ಯಂತ್ರ, 24 ಗಂಟೆ, ಗಂಟೆಗೆ 10 ಸೆಂಟ್ ಎಂದರೆ ಯಂತ್ರಗಳ ಬಾಡಿಗೆ 240 ಡಾಲರ್. ನೂರು ಯಂತ್ರ ಕೊಳ್ಳಲು ಎಷ್ಟಾಗುತ್ತಿತ್ತು ಎಂದು ನೀವೇ ಊಹಿಸಿ. ಬಂಡವಾಳವಿಲ್ಲದವನಿಗೂ ದೊಡ್ಡ ಯಂತ್ರದ ಬಾಗಿಲು ತೆರೆಯಿತು. ಕ್ಲೌಡ್‌ನ ದೊಡ್ಡ ಉಪಕಾರ ಇದೇ.

ಈ ಬಾಡಿಗೆಯಲ್ಲಿ ಮೂರು ಬಗೆಗಳಿವೆ. ಮತ್ತೆ ಮದುವೆಮನೆಗೇ ಹೋಗೋಣ. ಪಾತ್ರೆಯನ್ನು ಮಾತ್ರ ಬಾಡಿಗೆಗೆ ತಂದು ಅಡುಗೆ ನಾವೇ ಮಾಡಿಕೊಂಡರೆ ಅದು ಮೊದಲ ಬಗೆ. ಇಲ್ಲಿ ಬರಿಯ ಯಂತ್ರ ನಮ್ಮ ಕೈಗೆ ಬರುತ್ತದೆ, ಉಳಿದದ್ದೆಲ್ಲ ನಮ್ಮ ಕೆಲಸ. ಇದನ್ನು ಐಎಎಎಸ್ ಎನ್ನುತ್ತಾರೆ. ಒಲೆ, ಪಾತ್ರೆ, ಕೆಲಸದವರು ಎಲ್ಲ ಸಿದ್ಧವಿದ್ದು ನಾವು ದಿನಸಿಯನ್ನೂ ನಮ್ಮ ಮನೆಯ ಪಾಕವಿಧಾನವನ್ನೂ ಕೊಟ್ಟರೆ ಅದು ಎರಡನೆಯದು. ಇಲ್ಲಿ ನಾವು ತಂತ್ರಾಂಶವನ್ನು ಮಾತ್ರ ಬರೆದುಕೊಟ್ಟರೆ ಸಾಕು, ಇದು ಪಿಎಎಎಸ್. ಬಡಿಸಿದ ಊಟಕ್ಕೆ ಹಣ ಕೊಟ್ಟು ಉಂಡು ಬಂದರೆ ಅದು ಮೂರನೆಯದು, ಎಸ್ಎಎಎಸ್. ಜಿಮೇಲ್, ಗೂಗಲ್ ಡ್ರೈವ್ ಈ ಬಗೆಗೆ ಸೇರಿದವು. ಅನುಕೂಲ ಹೆಚ್ಚಿದಂತೆಲ್ಲ ನಮ್ಮ ಹಿಡಿತ ಕಡಿಮೆಯಾಗುತ್ತ ಹೋಗುತ್ತದೆ ಎಂಬುದನ್ನು ಗಮನಿಸಿ.

2013ರಲ್ಲಿ ಡಾಕರ್ ಎಂಬ ತಂತ್ರಾಂಶದ ಮೂಲಕ ‘ಕಂಟೇನರ್’ ಪದ್ಧತಿ ಪ್ರಚಾರಕ್ಕೆ ಬಂತು. ವರ್ಚುವಲ್ ಮೆಷಿನ್ ವಠಾರದ ಒಂದು ಮನೆಯಾದರೆ ಕಂಟೇನರ್ ಒಂದು ಹಾಸ್ಟೆಲ್ ಕೋಣೆ. ಅಡುಗೆಮನೆ ಎಲ್ಲರಿಗೂ ಒಂದೇ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು ಒಂದೇ. ಆದ್ದರಿಂದ ಅದು ಹಗುರ, ಕ್ಷಣಾರ್ಧದಲ್ಲಿ ಸಿದ್ಧ. ಆದರೆ ಗೋಡೆ ಸ್ವಲ್ಪ ತೆಳು.

ಬೀಗದ ಕೈ ಯಾರ ಬಳಿ ಇದೆ?

ಇಲ್ಲಿಯವರೆಗೆ ಅನುಕೂಲಗಳನ್ನು ಹೇಳಿದೆ. ಈಗ ನನ್ನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಬಾಡಿಗೆಗೆ ಬಂದ ಕೂಡಲೇ ನಮ್ಮ ಹೊಣೆಯೂ ಮಾಲೀಕನಿಗೆ ವರ್ಗವಾಯಿತು ಎಂದು ಬಹಳ ಜನ ಭಾವಿಸುತ್ತಾರೆ. ‘ಕ್ಲೌಡ್‌ನಲ್ಲಿದೆ, ಇನ್ನು ಭಯವಿಲ್ಲ’ ಎನ್ನುತ್ತಾರೆ. ನಡೆದ ಕೆಲವು ಘಟನೆಗಳನ್ನು ನೋಡೋಣ.

2017ರ ಫೆಬ್ರವರಿ 28ರಂದು ಅಮೆಜಾನ್‌ನ ಅಮೆರಿಕದ ಕೇಂದ್ರವೊಂದರಲ್ಲಿ ದುರಸ್ತಿ ಕೆಲಸದಲ್ಲಿದ್ದ ಒಬ್ಬ ನೌಕರ ಆದೇಶವೊಂದನ್ನು ತಪ್ಪಾಗಿ ಟೈಪ್ ಮಾಡಿದ. ಬೇಕಾದ್ದಕ್ಕಿಂತ ಹೆಚ್ಚು ಯಂತ್ರಗಳು ಸೇವೆಯಿಂದ ಹೊರಬಿದ್ದು, ಎಸ್3 ಸಂಗ್ರಹಾಗಾರವನ್ನು ನೆಚ್ಚಿಕೊಂಡಿದ್ದ ಅಸಂಖ್ಯ ಜಾಲತಾಣಗಳು ಕೆಲವು ಗಂಟೆಗಳ ಕಾಲ ಸ್ತಬ್ಧವಾದವು.

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಗಣಕ ಕೇಂದ್ರದ ಒಂದು ಕಟ್ಟಡವೇ ಬೆಂಕಿಗೆ ಆಹುತಿಯಾಯಿತು. ಬೇರೆಡೆ ಪ್ರತಿ ಇಟ್ಟುಕೊಂಡವರು ಕೆಲವು ದಿನಗಳಲ್ಲಿ ಚೇತರಿಸಿಕೊಂಡರು. ಇಟ್ಟುಕೊಳ್ಳದವರ ಮಾಹಿತಿ ಬೂದಿಯಾಯಿತು.

2024ರ ಮೇ ತಿಂಗಳಿನಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ನಿವೃತ್ತಿ ನಿಧಿ ಸಂಸ್ಥೆಗೆ ಸೇರಿದ ಗೂಗಲ್ ಕ್ಲೌಡ್‌ನ ಒಂದು ಖಾಸಗಿ ವ್ಯವಸ್ಥೆ, ಗೂಗಲ್ ಕಡೆಯ ಒಂದು ತಪ್ಪು ಹೊಂದಾಣಿಕೆಯಿಂದಾಗಿ ಅಳಿಸಿಹೋಯಿತು. ಎರಡು ಬೇರೆ ಊರುಗಳಲ್ಲಿ ಪ್ರತಿ ಇದ್ದರೂ ಆ ವ್ಯವಸ್ಥೆಯ ಚಂದಾದಾರಿಕೆಯೇ ಅಳಿದಾಗ ಎರಡೂ ಹೋದವು. 5 ಲಕ್ಷಕ್ಕೂ ಹೆಚ್ಚು ಸದಸ್ಯರು ಒಂದು ವಾರಕ್ಕೂ ಮಿಕ್ಕಿ ತಮ್ಮ ಖಾತೆ ನೋಡಲಾಗದೆ ಪರದಾಡಿದರು. ಚೇತರಿಕೆಗೆ ನೆರವಾದದ್ದು, ಆ ಸಂಸ್ಥೆ ಮುಂದಾಲೋಚನೆಯಿಂದ ಇನ್ನೊಂದು ಕಂಪನಿಯ ಬಳಿ ಇಟ್ಟಿದ್ದ ಪ್ರತಿ.

2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಗಣಕ ಕೇಂದ್ರದಲ್ಲಿ ಬ್ಯಾಟರಿಗೆ ಬೆಂಕಿ ಹತ್ತಿ 709 ಸರ್ಕಾರಿ ವ್ಯವಸ್ಥೆಗಳು ನಿಂತವು. ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್ ಎಂಬ ಸಂಗ್ರಹದ 858 ಟೆರಾಬೈಟ್ ಮಾಹಿತಿ ನಾಶವಾಯಿತು. ಅದಕ್ಕೆ ಹೊರಗೆಲ್ಲೂ ಪ್ರತಿ ಇರಲಿಲ್ಲ. ತಂತ್ರಜ್ಞಾನದಲ್ಲಿ ಜಗತ್ತಿಗೇ ಮುಂದಿರುವ ದೇಶದಲ್ಲಿ ಹೀಗಾಯಿತು ಎಂಬುದನ್ನು ಯೋಚಿಸಿ.

ಗೋಡೆಯ ವಿಷಯವೂ ಇದೆ. ವಠಾರದಲ್ಲಿ ಪಕ್ಕದ ಮನೆಯ ಮಾತು ಗೋಡೆಗೆ ಕಿವಿಗೊಟ್ಟರೆ ಕೇಳಿಸುತ್ತದಲ್ಲವೇ? 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಎರಡು ದೋಷಗಳು ಬೆಳಕಿಗೆ ಬಂದವು. ವೇಗಕ್ಕಾಗಿ ಪ್ರೊಸೆಸರುಗಳು ಮುಂದಿನ ಕೆಲಸವನ್ನು ಮುಂಚಿತವಾಗಿಯೇ ಊಹಿಸಿ ಮಾಡುತ್ತವೆ. ಆ ಊಹೆಯ ಜಾಡು ಹಿಡಿದು ಒಬ್ಬರ ಗುಟ್ಟನ್ನು ಇನ್ನೊಬ್ಬರು ಕದಿಯಬಹುದೆಂದು ತಿಳಿಯಿತು. ಕ್ಲೌಡ್ ಕಂಪನಿಗಳು ತಮ್ಮ ಯಂತ್ರಗಳನ್ನೆಲ್ಲ ಅವಸರದಲ್ಲಿ ಸರಿಪಡಿಸಿದವು. ಆದರೆ ಗೋಡೆ ಗಟ್ಟಿಯಿದ್ದರೂ ಬಾಡಿಗೆದಾರನೇ ಬಾಗಿಲು ಸರಿಯಾಗಿ ಹಾಕದಿದ್ದರೆ ಏನು ಮಾಡುವುದು? 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ ಸುಮಾರು 10 ಕೋಟಿ ಅಮೆರಿಕನ್ನರ ಮಾಹಿತಿ ಕಳವಾದದ್ದು, ಕ್ಲೌಡ್‌ನಲ್ಲಿದ್ದ ಬ್ಯಾಂಕಿನ ಒಂದು ರಕ್ಷಣಾ ವ್ಯವಸ್ಥೆಯನ್ನು ಸರಿಯಾಗಿ ಹೊಂದಿಸದೆ ಬಿಟ್ಟಿದ್ದರಿಂದ. ಕಟ್ಟಡದ ಭದ್ರತೆ ಮಾಲೀಕನದು, ಮನೆಯ ಬೀಗ ನಮ್ಮದು. ಕ್ಲೌಡ್ ಕರಾರುಗಳಲ್ಲಿ ‘ಹಂಚಿಕೆಯ ಹೊಣೆ’ ಎಂಬ ಮಾತಿಗೆ ಇದೇ ಅರ್ಥ.

ಬಾಡಿಗೆಯ ಷರತ್ತುಗಳೂ ಬದಲಾಗುತ್ತವೆ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ಕ್ಕೆ ಕೊನೆಗೊಂಡಿತು. ಶಾಲಾ ಕಾಲೇಜುಗಳಿಗೆ ಗೂಗಲ್ ಕೊಡುತ್ತಿದ್ದ ಮಿತಿಯಿಲ್ಲದ ಜಾಗಕ್ಕೆ 2022ರ ಜುಲೈನಿಂದ ಇಡೀ ಸಂಸ್ಥೆಗೆ ಒಟ್ಟು 100 ಟೆರಾಬೈಟ್ ಎಂಬ ಮಿತಿ ಬಂತು. 2023ರ ಡಿಸೆಂಬರ್‌ನಿಂದ, ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಗೂಗಲ್ ಖಾತೆಗಳನ್ನು ಅಳಿಸುವ ನಿಯಮ ಜಾರಿಗೆ ಬಂತು. 2023ರ ನವೆಂಬರ್‌ನಲ್ಲಿ ವಿಎಂವೇರ್ ಕಂಪನಿಯನ್ನು ಬ್ರಾಡ್‌ಕಾಮ್ ಕೊಂಡುಕೊಂಡಿತು. ಒಮ್ಮೆ ಕೊಂಡರೆ ಶಾಶ್ವತ ಎನ್ನುವ ಪರವಾನಗಿಗಳ ಮಾರಾಟ ಅದರ ಮರುತಿಂಗಳೇ ನಿಂತಿತು. ಇದರಲ್ಲಿ ಯಾರನ್ನೂ ದೂರಬೇಕಾಗಿಲ್ಲ. ಬಾಡಿಗೆ ಮನೆಯಲ್ಲಿ ಇರುವವನು ಇದನ್ನು ನಿರೀಕ್ಷಿಸಿಯೇ ಇರಬೇಕು.

ಸಂಸ್ಥೆಗಳ ಸದಸ್ಯರಿಗೆ ಒಂದು ಮಾತು

ಇದು ಯಾವುದೋ ದೇಶದ ದೊಡ್ಡ ಕಂಪನಿಗಳ ಕಥೆ ಎಂದು ನಾವು ಸುಮ್ಮನಿರುವಂತಿಲ್ಲ. ವಿದ್ಯಾರ್ಥಿವೇತನ ಕೊಡುವ, ಹಾಸ್ಟೆಲ್ ನಡೆಸುವ ಪ್ರತಿ ಸಂಸ್ಥೆಯ ಬಳಿ ಮಕ್ಕಳ ಹೆಸರು, ವಿಳಾಸ, ಆಧಾರ್ ಪ್ರತಿ, ಮನೆಯ ಆದಾಯದ ಪ್ರಮಾಣಪತ್ರ, ಬ್ಯಾಂಕ್ ಖಾತೆಯ ವಿವರ ಇರುತ್ತದೆ. ಮೊದಲು ಇವು ಕಬ್ಬಿಣದ ಕಪಾಟಿನಲ್ಲಿದ್ದವು, ಬೀಗದ ಕೈ ಕಾರ್ಯದರ್ಶಿಯವರ ಬಳಿ ಇರುತ್ತಿತ್ತು. ಈಗ ಅವು ಯಾರೋ ಒಬ್ಬ ಪದಾಧಿಕಾರಿಯ ವೈಯಕ್ತಿಕ ಇಮೇಲ್ ಖಾತೆಯಲ್ಲಿರುವ ಸಾಧ್ಯತೆಯಿದೆ. ಅವರು ಬದಲಾದಾಗ ಬೀಗದ ಕೈ ಎಲ್ಲಿಗೆ ಹೋಗುತ್ತದೆ? ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಎಂದು ಹಂಚಿದ ಪಟ್ಟಿಯಲ್ಲಿ ಬಡ ಮನೆಯೊಂದರ ಕಷ್ಟ ಊರಿಗೆಲ್ಲ ಕಾಣುವಂತಾದರೆ ಆ ಮಗುವಿನ ಮಾನಕ್ಕೆ ಯಾರು ಹೊಣೆ?

ಕಾನೂನು ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವ ಏರ್ಪಾಡಿದೆ. ಮಾಹಿತಿಯನ್ನು ನಮ್ಮ ಪರವಾಗಿ ಬೇರೆ ಕಂಪನಿ ಇಟ್ಟುಕೊಂಡಿದ್ದರೂ ಅದನ್ನು ಸಂಗ್ರಹಿಸಿದ ಸಂಸ್ಥೆಯೇ ಜವಾಬ್ದಾರ ಎನ್ನುತ್ತದೆ ಈ ಕಾಯ್ದೆ. 18 ವರ್ಷ ತುಂಬದವರ ಮಾಹಿತಿಗೆ ಹೆತ್ತವರ ದೃಢೀಕೃತ ಒಪ್ಪಿಗೆ ಬೇಕು ಎಂಬುದು ಅದರ ಸಾಮಾನ್ಯ ನಿಯಮ.

ಆದ್ದರಿಂದ ನಾಲ್ಕು ಸರಳ ಕೆಲಸಗಳನ್ನು ಸೂಚಿಸುತ್ತೇನೆ. ಸಂಸ್ಥೆಯ ಕಡತಗಳು ಸಂಸ್ಥೆಯ ಹೆಸರಿನ ಖಾತೆಯಲ್ಲಿಯೇ ಇರಲಿ. ಕನಿಷ್ಠ ಇಬ್ಬರ ಬಳಿ ಅದರ ಅಧಿಕಾರವಿರಲಿ. ಪಾಸ್‌ವರ್ಡ್ ಜೊತೆಗೆ ಎರಡನೆಯ ಹಂತದ ದೃಢೀಕರಣವೂ ಇರಲಿ. ಬೇಡವಾದ ದಾಖಲೆಯನ್ನು ಇಟ್ಟುಕೊಳ್ಳದೆ ಅಳಿಸಿ. ಇಲ್ಲದ ಮಾಹಿತಿ ಕಳವಾಗುವುದಿಲ್ಲ. ನಾಲ್ಕನೆಯದು, ಪ್ರತಿಗಳ ಲೆಕ್ಕ: ಮುಖ್ಯ ದಾಖಲೆಗೆ ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಬೇರೆ ಸ್ಥಳದಲ್ಲಿ. ಕ್ಲೌಡ್‌ನಲ್ಲಿ ಒಂದು, ಕಚೇರಿಯ ಗಣಕಯಂತ್ರದಲ್ಲಿ ಒಂದು, ಇನ್ನೊಂದು ಕಡೆ ಕಪಾಟಿನಲ್ಲಿರುವ ಹಾರ್ಡ್ ಡಿಸ್ಕ್‌ನಲ್ಲಿ ಒಂದು. ವರ್ಷಕ್ಕೊಮ್ಮೆ ಆ ಡಿಸ್ಕ್ ತೆರೆದು ಕಡತಗಳು ಓದಲು ಬರುತ್ತವೆಯೇ ಎಂದು ಪರೀಕ್ಷಿಸಿ. ಪರೀಕ್ಷಿಸದ ಪ್ರತಿಯನ್ನು ನಂಬಿ ಕೂರಬಾರದು.

ವಿದ್ಯಾರ್ಥಿಗಳೇ, ನಿಮಗೂ ಇದು ಅನ್ವಯಿಸುತ್ತದೆ. ಕಾಲೇಜು ಕೊಟ್ಟ ಇಮೇಲ್ ಖಾತೆಯಲ್ಲಿ ಪ್ರಾಜೆಕ್ಟ್ ವರದಿ, ಪ್ರಮಾಣಪತ್ರ ಇಟ್ಟಿದ್ದರೆ ಕಾಲೇಜು ಬಿಡುವ ಮುನ್ನ ಇಳಿಸಿಕೊಳ್ಳಿ. ಡಿಜಿಲಾಕರ್ ಸೌಲಭ್ಯವನ್ನು ಬಳಸಿ. ಅಲ್ಲಿ ‘ನೀಡಲಾದ ದಾಖಲೆ’ ಎಂದು ಬರುವುದು ಸಂಬಂಧಪಟ್ಟ ಮಂಡಳಿ ಅಥವಾ ಇಲಾಖೆಯಿಂದಲೇ ನೇರವಾಗಿ ಬಂದದ್ದು. ನಾವೇ ಸ್ಕ್ಯಾನ್ ಮಾಡಿ ಸೇರಿಸಿದ ಪ್ರತಿಗೆ ಆ ಬೆಲೆ ಇಲ್ಲ.

ಒಂದು ಹಳೆಯ ಲ್ಯಾಪ್‌ಟಾಪ್ ಸಾಕು

ಕೊನೆಯದಾಗಿ ಉದ್ಯೋಗದ ವಿಷಯ. ಕ್ಲೌಡ್ ಕಲಿಯಬೇಕಾದರೆ ದುಬಾರಿ ಕೋರ್ಸಿಗೆ ಸೇರಬೇಕು ಎಂಬ ಪ್ರಚಾರವನ್ನು ಕೇಳಿ ಹಲವು ಬಡ ವಿದ್ಯಾರ್ಥಿಗಳು ಆಸೆ ಬಿಡುತ್ತಾರೆ. ಹೆತ್ತವರು ಸಾಲ ಮಾಡುವುದೂ ಉಂಟು. ಆ ಸಾಲದ ಮೊದಲು ನಿಮ್ಮ ಲ್ಯಾಪ್‌ಟಾಪ್ ತೆರೆದು ನೋಡಿ. 8 ಗಿಗಾಬೈಟ್ ಮೆಮೊರಿ ಇದ್ದರೆ ಕೆಲಸ ಆರಂಭಿಸಬಹುದು. ಪ್ರೊಸೆಸರಿನಲ್ಲಿ ವರ್ಚುವಲೈಸೇಶನ್ ಅನುಕೂಲವಿದೆ ಎಂದು ಆಗಲೇ ಹೇಳಿದೆನಲ್ಲ, ಕೆಲವು ಯಂತ್ರಗಳಲ್ಲಿ ಅದನ್ನು ಬಯೋಸ್ ಸೆಟ್ಟಿಂಗ್‌ನಲ್ಲಿ ಚಾಲೂ ಮಾಡಬೇಕಾಗುತ್ತದೆ. ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದರಲ್ಲಿ ತಲಾ 1 ಅಥವಾ 2 ಗಿಗಾಬೈಟ್ ಮೆಮೊರಿಯ ಎರಡು ವರ್ಚುವಲ್ ಮೆಷಿನ್ ಮಾಡಿ. ಎರಡರಲ್ಲೂ ಲಿನಕ್ಸ್ ಹಾಕಿ. ಒಂದರಲ್ಲಿ ಜಾಲತಾಣದ ಸರ್ವರ್, ಇನ್ನೊಂದರಲ್ಲಿ ದತ್ತಸಂಚಯ ಸ್ಥಾಪಿಸಿ. ಇವೆರಡೂ ಪರಸ್ಪರ ಮಾತನಾಡುವಂತೆ ಮಾಡಿ.

ಆಮೇಲೆ ಅವುಗಳನ್ನು ಕೆಡಿಸಿ. ಹೌದು, ಬೇಕೆಂದೇ ಕೆಡಿಸಿ. ಮೊದಲು ‘ಸ್ನ್ಯಾಪ್‌ಶಾಟ್’ ತೆಗೆದಿಟ್ಟು, ಮುಖ್ಯ ಕಡತವೊಂದನ್ನು ಅಳಿಸಿ, ಏನಾಗುತ್ತದೆ ನೋಡಿ, ಮತ್ತೆ ಹಿಂದಿನ ಸ್ಥಿತಿಗೆ ತನ್ನಿ. ನಿಜವಾದ ಕಚೇರಿಯಲ್ಲಿ ಯಾರೂ ನಿಮಗೆ ಇಂಥ ಅವಕಾಶ ಕೊಡುವುದಿಲ್ಲ. ಎರಡು ಯಂತ್ರಗಳ ನಡುವೆ ಸಂಪರ್ಕ ಏಕೆ ಬರುತ್ತಿಲ್ಲ ಎಂದು ಒಂದು ರಾತ್ರಿ ಕೂತು ಹುಡುಕಿದವನಿಗೆ ಜಾಲ ವ್ಯವಸ್ಥೆ ಪುಸ್ತಕ ಕಲಿಸದಷ್ಟನ್ನು ಕಲಿಸುತ್ತದೆ. ಸಂದರ್ಶನದಲ್ಲಿ ಕುಳಿತವರಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ.

ಈ ಬುನಾದಿ ಆದ ಮೇಲೆ ಕಂಪನಿಗಳ ಕ್ಲೌಡ್‌ಗೆ ಹೋಗಿ. ಹೊಸಬರಿಗೆ ಅವು ಸ್ವಲ್ಪ ಉಚಿತ ಬಳಕೆ ಕೊಡುತ್ತವೆ. ಷರತ್ತುಗಳು ಆಗಾಗ ಬದಲಾಗುವುದರಿಂದ ಸೇರುವ ದಿನವೇ ಓದಿಕೊಳ್ಳಿ. ಖಾತೆ ತೆರೆದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಖರ್ಚಿನ ಎಚ್ಚರಿಕೆಯನ್ನು ಹೊಂದಿಸುವುದು. ಆ ಎಚ್ಚರಿಕೆ ಸುದ್ದಿ ಕೊಡುತ್ತದೆಯೇ ಹೊರತು ಮೀಟರನ್ನು ತಾನಾಗಿ ನಿಲ್ಲಿಸುವುದಿಲ್ಲ. ಅಭ್ಯಾಸ ಮುಗಿದ ಮೇಲೆ ಯಂತ್ರವನ್ನೂ ಅದರ ಡಿಸ್ಕನ್ನೂ ಅಳಿಸಿ ಬನ್ನಿ. ಲ್ಯಾಪ್‌ಟಾಪ್ ಮುಚ್ಚಿದರೆ ಬಾಡಿಗೆಯ ಯಂತ್ರ ನಿಲ್ಲುವುದಿಲ್ಲ. ತಂದೆಯ ಕಾರ್ಡಿನಲ್ಲಿ ಬಿಲ್ಲು ಏರುತ್ತಲೇ ಇರುತ್ತದೆ. ಪಾತ್ರೆ ಹಿಂದಿರುಗಿಸದವನು ಮರುದಿನದ ಬಾಡಿಗೆಯನ್ನೂ ಕೊಡಬೇಕಲ್ಲವೇ?

ಮಿತ್ರರೇ, ಕಂಪನಿಗಳ ಹೆಸರು ಬದಲಾಗುತ್ತದೆ, ಸೇವೆಗಳ ಹೆಸರು ಬದಲಾಗುತ್ತದೆ. 1967ರಲ್ಲಿ ಕೋಣೆ ತುಂಬುವ ಯಂತ್ರಕ್ಕೆ ಮಾಡಿದ ಉಪಾಯವೇ ಇಂದು ಮುಂಬಯಿಯ ಗಣಕ ಕೇಂದ್ರದಲ್ಲೂ ನಿಮ್ಮ ಮೇಜಿನ ಮೇಲೂ ನಡೆಯುತ್ತಿದೆ. ಆ ಮೂಲವನ್ನು ಅರಿತವನು ಹೊಸ ಹೆಸರಿಗೆ ಹೆದರುವುದಿಲ್ಲ. ಬಾಡಿಗೆಗೆ ಪಡೆಯುವುದರಲ್ಲಿ ಅವಮಾನವಿಲ್ಲ, ಬಂಡವಾಳವಿಲ್ಲದ ನಮಗೆ ಅದು ದೊಡ್ಡ ಅವಕಾಶ. ಆದರೆ ಬೀಗದ ಕೈ ಎಲ್ಲಿದೆ, ಎರಡನೆಯ ಪ್ರತಿ ಎಲ್ಲಿದೆ, ಮೀಟರು ಎಷ್ಟು ಓಡಿದೆ ಎಂಬ ಮೂರು ಪ್ರಶ್ನೆಗಳಿಗೆ ಯಾವಾಗ ಕೇಳಿದರೂ ಉತ್ತರ ನಮ್ಮ ಬಳಿ ಇರಬೇಕು. ಈ ವಾರ ಮನೆಗೆ ಹೋದ ಮೇಲೆ ನಿಮ್ಮ ಅಂಕಪಟ್ಟಿಯ ಪ್ರತಿಯಿಂದಲೇ ಆರಂಭಿಸಿ.